ಬಿಳಿ ಉಟ್ಟವಳ ಮದುವೆ

ಮುರಿಗೆವ್ವ ಬಾಯಿ ತೆರೆಸಿ ಹಲ್ಲು ನೋಡದ ಎತ್ತನ್ನು ಶಿವಯೋಗೆಪ್ಪ ಕೊಂಡದ್ದೇ ಇಲ್ಲ. ತಿಕೋಟಾದ ಸಂತೆಗೆ ಬರುವ ದಲಾಲರಿಗೆಲ್ಲ ಇದು ಗೊತ್ತು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ತಂಗಿ. ಬಿಳಿ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಅಣ್ಣನ ಹೊಲ ನೋಡಿದವಳು, ತಾಯಿಯಿಲ್ಲದ ಅಣ್ಣನ ಮಗಳು ರೇಣುಕವ್ವನನ್ನು ಬೆಳೆಸಿದವಳು. ಹೀಗಾಗಿ ರೇಣುಕವ್ವನಿಗೆ ವಿಜಾಪುರದ ಸಂಬಂಧವೊಂದು ಬಂದಾಗ ವರನ ಮನೆ ನೋಡಿ ಬರುವ ಕೆಲಸವೂ ಅವಳ ಪಾಲಿಗೇ ಬಂತು.

ಇದು ರೇಣುಕವ್ವನಿಗೆ ಎರಡನೆಯ ಸಂಬಂಧ. ಮೊದಲನೆಯದು ತಿಳಿವಳಿಕೆ ಬರುವ ಮುಂಚೆ ಆಗಿ, ಆ ಹುಡುಗ ಜ್ವರ ಬಂದು ಹೋಗಿ, ಗಂಡನ ಮನೆಯ ಹೊಸ್ತಿಲು ತುಳಿಯುವ ಮೊದಲೇ ಇವಳ ಬಳೆ ಒಡೆದಿದ್ದರು. ಅವರ ಮಂದಿಯಲ್ಲಿ ಅಂಥವಳಿಗೆ ಉಡಿಕೆ ಎಂಬ ಮರುಮದುವೆ ಉಂಟು. ಆದರೆ ಅದು ಮದುವೆಯೇ ಅಲ್ಲವೆಂಬಂತೆ ನಡೆಯುವ ಮದುವೆ. ಊರು ಮಲಗಿದ ಮೇಲೆ ಹಿತ್ತಿಲಲ್ಲಿ, ವಾದ್ಯವಿಲ್ಲದೆ, ಮುತ್ತೈದೆಯರು ಎದುರಿಗೆ ಬಾರದಂತೆ ಹೊಸ ಸೀರೆ ಉಡಿಸಿ ಕಳಿಸಿಬಿಡುವುದು. ರೇಣುಕವ್ವ ಅತ್ತೆ ಮುರಿಗೆವ್ವನಿಗೆ ಖಡಾಖಂಡಿತ ಹೇಳಿದ್ದಳು: "ಕಳ್ಳರ ಹಂಗ ಕತ್ತಲ್ದಾಗ ಹೋಗೂದಾದ್ರ ನಾ ಒಲ್ಲೆ ಅತ್ತಿ. ಹಗಲಿ ಆದ್ರ ಆಗಲಿ, ಇಲ್ಲಂದ್ರ ನಿನ್ನ ಜೋಡಿನ ಇರ್ತೀನಿ." ಶಿವಯೋಗೆಪ್ಪ ಹಗಲು ಮದುವೆಗೆ ಒಪ್ಪುವವನಲ್ಲ. ಮಗಳು ಹಟ ಬಿಡುವವಳಲ್ಲ.

ವರ ಅಮರಪ್ಪ. ಗಾಂಧಿ ಚೌಕದ ಒಂದು ಕಾಳಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಮೊದಲ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ದುಡಿಯುವ ಹುಡುಗ, ಕುಡಿತವಿಲ್ಲ. ಒಂದೇ ಚಟ: ಐತವಾರ ಬೆಳಿಗ್ಗೆ ಟಾಕೀಜಿನಲ್ಲಿ ತೋರಿಸುವ ಇಂಗ್ಲಿಷ್ ಪಿಚ್ಚರನ್ನು ನೋಡಿ, ಅದು ಹೇಗಿದೆಯೆಂದು ಊರಿನ ವಾರಪತ್ರಿಕೆಗೆ ಬರೆಯುವುದು.

"ಬರ್ಯಾಕ ಏನೈತೆಂತ ಅದರಾಗ?" ಎಂದು ಶಿವಯೋಗೆಪ್ಪ ಹುಬ್ಬು ಗಂಟು ಹಾಕಿದ್ದ. "ಆ ಪಿಚ್ಚರಿನಾಗ ಹೆಣ್ಣು ಗಂಡು ಮಂದಿ ಮುಂದ ಮುದ್ದ ಕೊಡತಾವಂತ. ಇವ ಅದನ್ನ ನೋಡಿ ಬಂದು ಬರಿತಾನಂತ!"

"ಹಂಗಾರ ಮನಿ ನೋಡಾಕ ಹೋದಾಗ ಪಿಚ್ಚರನೂ ನೋಡಿ ಬರ್ತೀನಿ ತಗೋ," ಎಂದಳು ಮುರಿಗೆವ್ವ. "ಎತ್ತು ಯಾ ನೀರು ಕುಡಿತದ ಅನ್ನೂದೂ ನೋಡಬೇಕಲ್ಲ."

ಸ್ವರಾಜ್ಯ ಬಂದ ಮರುವರ್ಷದ ಮಾತು. ಐತವಾರ ಮೊದಲ ಮೋಟರಿಗೇ ಹತ್ತಿ ಅವಳು ವಿಜಾಪುರಕ್ಕೆ ಬಂದಳು. ಅಮರಪ್ಪನ ಮನೆ ನೋಡಿದಳು, ಬಾವಿಯ ನೀರು ಕುಡಿದಳು, ಹಗೇವಿನ ಜೋಳ ಕೈಯಲ್ಲಿ ತೂರಿ ನೋಡಿದಳು. ಆಮೇಲೆ, "ನಡೀಯಪ್ಪಾ, ನಿನ್ನ ಪಿಚ್ಚರ ತೋರಸು," ಎಂದಳು.

ಅಮರಪ್ಪ ಬೆವತುಹೋದ. "ಅವ್ವಾರ, ಇಂಗ್ಲಿಷ್ ಐತ್ರಿ. ಹೆಣ್ಣುಮಕ್ಕಳ ಕಡೆ ಬ್ಯಾರೆ ಪರದೆ ಇರ್ತದ. ನಾ ಬಾಜೂಕ ಕುಂತು ಹೇಳಾಕ ಬರೂದಿಲ್ಲ."

"ನನಗ ಕಣ್ಣದಾವಲ್ಲ?"

ಪರದೆಯ ಆಚೆ ಹೆಣ್ಣುಮಕ್ಕಳ ಬಾಕಿನ ಮೇಲೆ ಕೂತಿದ್ದವಳು ಅಬೇದಾ ಒಬ್ಬಳೇ. ಟಾಕೀಜಿನ ಬಾಗಿಲು ಕಾಯುವವನ ಹೆಂಡತಿ, ಮಡಿಲಲ್ಲಿ ಶೇಂಗಾ.

"ನಿಮಗ ಇದು ತಿಳೀತದೇನ ಬೇ?" ಮುರಿಗೆವ್ವ ಕೇಳಿದಳು.

"ಒಂದು ಅಕ್ಷರ ತಿಳೀದಿಲ್ರಿ. ಮನಿಯಾಗ ಅತ್ತಿ ಮಾತು ಪೂರಾ ತಿಳೀತದ, ಅದಕ್ಕ ಇಲ್ಲಿ ಬಂದು ಕೂಡ್ತೀನಿ," ಎಂದು ಅಬೇದಾ ಅವಳ ಕೈಗೂ ಒಂದು ಹಿಡಿ ಶೇಂಗಾ ಸುರಿದಳು.

ದೀಪ ಆರಿತು. ಗೋಡೆಯ ಮೇಲೆ ಒಂದು ಹೊಳೆ, ಹೊಳೆಯ ದಂಡೆಗೆ ಹಿಟ್ಟಿನ ಗಿರಣಿ, ಗಿರಣಿಯ ಯಜಮಾನನ ಮಗಳು. ಮಾತೆಲ್ಲ ಗಾಳಿಗೆ ಹೋಗುತ್ತಿತ್ತು. ಆದರೆ ಆ ಹುಡುಗಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡುವ ರೀತಿಗೇ ಮುರಿಗೆವ್ವನಿಗೆ ಅವಳು ಹಿಡಿಸಿದಳು. ಒಬ್ಬ ಉದ್ದನೆಯ ಹುಡುಗ ಕಾಳು ಬೀಸಿಸಲು ಬಂದ, ಮತ್ತೆ ಬಂದ, ಕಾಳಿಲ್ಲದೆಯೂ ಬಂದ. "ಇವಂದೇನ ಕೆಲಸ ಈಗ?" ಎಂದು ಅಬೇದಾ ನಕ್ಕಳು. ಮುದ್ದು ಕೊಡುವುದೂ ಆಯಿತು. ಮುರಿಗೆವ್ವ ಸೆರಗು ಕಣ್ಣಿಗೆ ಅಡ್ಡ ಹಿಡಿದು, ಸೆರಗಿನ ಸಂದಿಯಿಂದ ಪೂರ್ತಿ ನೋಡಿದಳು.

ಆಮೇಲೆ ಒಂದು ಎತ್ತರದ ಗುಡಿ. ಒಳಗೆ ಬಾಕಿನ ಸಾಲು, ಸಾಲು ತುಂಬ ಮಂದಿ. ಬಾಗಿಲು ತೆರೆಯಿತು. ಗಿರಣಿಯ ಹುಡುಗಿ ತಂದೆಯ ಕೈ ಹಿಡಿದು ಬಂದಳು. ನೆತ್ತಿಯಿಂದ ಅಂಗಾಲಿನ ತನಕ ಬಿಳಿ. ಮುಸುಕೂ ಬಿಳಿ.

ಮುರಿಗೆವ್ವನ ಕೈಯ ಶೇಂಗಾ ಕೈಯಲ್ಲೇ ಉಳಿಯಿತು. ಅಯ್ಯೋ, ಇವಳೂ ನನ್ನ ಹಾಗೆ ಗಂಡ ಸತ್ತವಳು! ಇಷ್ಟು ಹೊತ್ತು ತಿಳಿಯಲೇ ಇಲ್ಲವಲ್ಲ. ನೋಡುತ್ತಾಳೆ, ಗುಡಿಯ ಮಂದಿಯೆಲ್ಲ ಎದ್ದು ನಿಂತರು. ಕಿಟಕಿಯಿಂದ ಬಿಸಿಲು ಸುರಿಯುತ್ತಿತ್ತು. ಹಗಲು, ಹಾಡಹಗಲು. ಸಣ್ಣ ಹುಡುಗಿಯರು ಆ ಬಿಳಿ ಬಟ್ಟೆಯ ಸೆರಗನ್ನು ನೆಲಕ್ಕೆ ತಾಗದಂತೆ ಹಿಡಿದು ಬಂದರು, ಮುದುಕಿಯರು ಹೂ ಕೊಟ್ಟರು. ಯಾರೂ ಮುಖ ತಿರುಗಿಸಲಿಲ್ಲ, ಯಾರೂ ಸರಿದು ನಿಲ್ಲಲಿಲ್ಲ. ಮುರಿಗೆವ್ವ ಬಿಕ್ಕಿ ಬಿಕ್ಕಿ ಅತ್ತಳು. ಅಬೇದಾ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಮುಂದೆ ಹೊಳೆಗೆ ಮಹಾಪೂರ ಬಂದು ಆ ಹುಡುಗ ಕೊಚ್ಚಿಹೋದ. ಹೆಣ ಸಿಕ್ಕ ಮೇಲೆ ನಮ್ಮವರ ಹಾಗೆಯೇ ಹೂಳಿದರು. ಆಗ ಆ ಹುಡುಗಿಯ ಮೈಮೇಲೆ ಅಚ್ಚ ಕಪ್ಪು ಬಟ್ಟೆ. ಮುರಿಗೆವ್ವನಿಗೆ ಸಂಕ್ರಾಂತಿಗೆ ಉಡುವ ಕಪ್ಪು ಚಂದ್ರಕಾಳಿ ಸೀರೆ ನೆನಪಾಯಿತು. ಎಂಥ ಮಂದಿ ಇವರು, ಎರಡನೆಯ ಗಂಡ ಸತ್ತರೂ ಹಬ್ಬದ ಬಟ್ಟೆ ಬಿಡಿಸಲಿಲ್ಲ! ಕೊನೆಗೆ ಹುಡುಗಿ ತೋಳು ಮಡಚಿ ಗಿರಣಿಯ ತೂಬು ಎತ್ತಿದಳು, ಗಾಲಿ ತಿರುಗಿತು, ದೀಪ ಹತ್ತಿತು.

ಬಾಗಿಲಲ್ಲಿ ಅಮರಪ್ಪ ಕಾಯುತ್ತಿದ್ದ. ಅವಳು ಕೇಳಿದ್ದು ಇಷ್ಟೇ: "ಆಕಿ ಮದುವಿ ಹಗಲಿ ಆತಲ್ಲ?"

"ಹೌದ್ರಿ ಅವ್ವಾರ."

"ಮಂದಿ ಎಲ್ಲಾ ಎದ್ದು ನಿಂತಿತ್ತಲ್ಲ?"

"ಹೌದ್ರಿ. ಅವರ ಪದ್ಧತಿ ಅದು."

"ಪದ್ಧತಿ!" ಎಂದು ಮುರಿಗೆವ್ವ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವಳಂತೆ ಮೋಟರು ಹತ್ತಿದಳು.

ತಿಕೋಟಾದಲ್ಲಿ ಆ ವಾರ ಬೇರೆ ಸುದ್ದಿ ಇರಲಿಲ್ಲ. ಬಾವಿಯ ಕಟ್ಟೆಯಲ್ಲಿ, ಹೊಲದ ಕಸ ತೆಗೆಯುವ ಸಾಲಿನಲ್ಲಿ, ಹೋದಲ್ಲೆಲ್ಲ ಅವಳು ಪಿಚ್ಚರ್ ಹೇಳಿದಳು. ಹುಡುಗಿಯ ನಡತೆ ಚೊಕ್ಕ, ಹುಡುಗ ನಂಬಿಗಸ್ತ ಆದರೆ ಈಜು ಬಾರದವ, ಗಿರಣಿಯ ಕಲ್ಲು ಸರಿಯಾಗಿ ಕುಟ್ಟಿಸಿರಲಿಲ್ಲ, ಹಿಟ್ಟು ತರಿ ಬರುತ್ತಿದ್ದಿರಬೇಕು ಎಂದು ಗುಣದೋಷವನ್ನೂ ಸೇರಿಸಿದಳು. ಕೊನೆಗೆ ಪ್ರತಿ ಸಲ ಬಿಳಿ ಉಟ್ಟವಳ ಮದುವೆ. ಶಿವಯೋಗೆಪ್ಪ ಕೇಳದವನಂತೆ ಕೇಳುತ್ತಿದ್ದ. ಒಂದು ದಿನ ಎತ್ತಿಗೆ ಮೇವು ಹಾಕುತ್ತ ತಾನಾಗಿ ಕೇಳಿದ: "ಗಂಡ ಸತ್ತಾಕಿಗೆ ಮಂದಿ ಎದ್ದು ನಿಂತ್ರು ಅಂತೀ?"

"ಈ ಕಣ್ಣಾರೆ ನೋಡೀನಿ ಅಣ್ಣಾ."

ಅವನು ಬಹಳ ಹೊತ್ತು ಎತ್ತಿನ ಬೆನ್ನು ತಿಕ್ಕಿದ. "ಅಷ್ಟು ದೊಡ್ಡ ಮಂದಿ ಹಗಲಿ ಮಾಡ್ತಾರಂದ್ರ... ನಾವೂ ಮಾಡೂಣು. ಅವರಿಗೆ ಬರಾಕ ಹೇಳು."

ಮಾತು ಮುಗಿಸಲು ಅಮರಪ್ಪ ಬಂದ. ಬಬಲೇಶ್ವರದಿಂದ ರೇಣುಕವ್ವನ ತಾಯಿಯ ತಾಯಿ ರುದ್ರವ್ವನೂ ಗಾಡಿ ಕಟ್ಟಿಸಿಕೊಂಡು ಬಂದಿದ್ದಳು, ಹಗಲು ಮದುವೆಯನ್ನು ನಿಲ್ಲಿಸಲೇಬೇಕೆಂದು. ಪಡಸಾಲೆಯಲ್ಲಿ ಕೂತವರ ಮುಂದೆ ಶಿವಯೋಗೆಪ್ಪ ಅತ್ತೆಗೆ ಸಮಾಧಾನ ಹೇಳಿದ: "ನಾವೊಬ್ಬರ ಮಾಡಾಕತ್ತಿಲ್ರಿ. ಆ ಪಿಚ್ಚರಿನಾಗ ಗಂಡ ಸತ್ತಾಕಿ ಬಿಳಿ ಉಟಗೊಂಡು ಹಾಡಹಗಲಿ ಲಗ್ನ ಆಗ್ಯಾಳ. ನಮ್ಮ ಹುಡುಗನೂ ನೋಡ್ಯಾನ."

ಮುರಿಗೆವ್ವ ಅಮರಪ್ಪನ ಮುಖ ನೋಡುತ್ತಿದ್ದಳು. ಅದು ಸುಟ್ಟ ರೊಟ್ಟಿಯಂತಾಯಿತು. ಹುಡುಗ ಹಿಂದೆ ಸರಿದನೇ? ನೀರು ಕೊಡುವ ನೆವದಿಂದ ಅವನನ್ನು ದನದ ಕೊಟ್ಟಿಗೆಗೆ ಕರೆದೊಯ್ದಳು.

"ಏನಾತಪ್ಪಾ?"

"ಅವ್ವಾರ, ಆಕಿ ಗಂಡ ಸತ್ತಾಕಿ ಅಲ್ರಿ." ಅಮರಪ್ಪ ಬಾಗಿಲತ್ತ ನೋಡಿಕೊಂಡು ದನಿ ತಗ್ಗಿಸಿದ. "ಅವರ ಮದುಮಗಳು ಬಿಳೀನ ಉಡ್ತಾಳ್ರಿ. ಅದು ಆಕಿ ಮೊದಲನೇ ಲಗ್ನ."

ಮುರಿಗೆವ್ವ ಮೇವಿನ ಗೋದಲಿಯ ಅಂಚು ಹಿಡಿದಳು. "ಮತ್ತ ಆ ಚಂದ್ರಕಾಳಿ?"

"ಸಾವಿಗೆ ಕರೀದು. ಅಲ್ಲಿ ಅದ ಸೂತಕದ ಬಣ್ಣ."

ಒಳಗೆ ರುದ್ರವ್ವನ ಗೊಣಗಾಟ ಕೇಳಿಸುತ್ತಿತ್ತು. ಅಮರಪ್ಪ ತಲೆ ತಗ್ಗಿಸಿದ. "ನಾ ಬರೆದದ್ದು ಇನ್ನೂ ಅಚ್ಚಿಗೆ ಹೋಗಿಲ್ರಿ. ಬೆಳಕು ಹೆಂಗ ಬಿದ್ದದ, ಆಕಿ ಹೆಂಗ ನಟಿಸ್ಯಾಳ ಅಂತೆಲ್ಲ ಬರದೀನಿ. ಮದುವಿ ಮಾತು ತಗದು ಹಾಕಿದ್ರ ಈ ಊರಿಗೆ ಯಾರಿಗೂ ಗೊತ್ತಾಗೂದಿಲ್ಲ. ನೀವು ಹೇಳಿದಂಗ ಮಾಡ್ತೀನಿ. ಆದ್ರ ನಿಮಗ ತಿಳಿಸದ ಸುಮ್ಮನಿರಾಕ ನನಗ ಆಗಲಿಲ್ಲ."

ಸುಮ್ಮನಿದ್ದರೆ ರೇಣುಕವ್ವನಿಗೆ ಹಗಲು ಸಿಕ್ಕೇ ಸಿಗುತ್ತದೆ. ಹೇಳಿದರೆ, ಒಪ್ಪಿದ ಅಣ್ಣ ಮತ್ತೆ ಹಿತ್ತಿಲಿಗೆ ಹೋಗುತ್ತಾನೆ, ಹುಡುಗಿ ಜನ್ಮವಿಡೀ ಈ ಮನೆಯಲ್ಲಿ ಉಳಿಯುತ್ತಾಳೆ. ಆದರೆ ಮುರಿಗೆವ್ವ ಸಂತೆಯಲ್ಲಿ ಬೆಳೆದ ಹೆಂಗಸು. ಐಬು ಮುಚ್ಚಿ ಮಾರಿದ ಎತ್ತು ಒಂದಲ್ಲ ಒಂದು ದಿನ ಉಳುಮೆಯ ನಡುವೆ ಮಲಗುವುದನ್ನು ಕಂಡವಳು. ನಾಳೆ ಯಾವನೋ ವಿಜಾಪುರಕ್ಕೆ ಹೋಗಿ ಬಂದು ಮಗ್ಗಲು ಮನೆಯವರಿಗೆ ಹೇಳಿದರೆ, ಸುಳ್ಳು ಹೇಳಿ ಮಾಡಿಸಿದ ಲಗ್ನ ಎಂಬ ಮಾತು ಆ ಹುಡುಗಿಯ ಬೆನ್ನು ಬಿಡುವುದಿಲ್ಲ.

ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು. ಬಿಳಿ ಸೆರಗನ್ನು ಬೆರಳುಗಳಲ್ಲಿ ಹಿಡಿದು, ಹೊಸ ಅರಿವೆಯ ನೇಯ್ಗೆ ನೋಡುವವಳ ಹಾಗೆ ತಿರುವಿ ನೋಡಿದಳು. "ಇದನ್ನ ಉಟ್ಟು ಅಲ್ಲಿ ಲಗ್ನ ಆಗ್ತಾರ?"

"ಹೌದ್ರಿ."

"ನಡಿ ಒಳಗ."

ಪಡಸಾಲೆಯ ನಟ್ಟನಡುವೆ ನಿಂತು ಅವಳು ಹೇಳಿದಳು: "ಅಣ್ಣಾ, ನಾ ತಪ್ಪ ತಿಳದಿದ್ದೆ. ಆ ಹುಡುಗಿ ಗಂಡ ಸತ್ತಾಕಿ ಅಲ್ಲ. ಅವರಲ್ಲಿ ಮದುಮಗಳಿಗೆ ಬಿಳಿ, ಸಾವಿಗೆ ಕರಿ. ಇವಾ ಈಗ ಹೇಳ್ಯಾನ."

"ಆತಿಲ್ಲೋ!" ರುದ್ರವ್ವ ತೊಡೆ ತಟ್ಟಿದಳು. "ತಿಳೀದ ಭಾಷಾ ನೋಡಿ ಬಂದು ಊರಿಗೆ ಪುರಾಣ ಹೇಳ್ಯಾಳ ನಮ್ಮವ್ವ!"

"ಪುರಾಣ ಇನ್ನೂ ಮುಗದಿಲ್ರಿ ಅತ್ತಿ, ಕೇಳ್ರಿ. ಇಪ್ಪತ್ತು ವರ್ಷ ಆತು ನಾ ಈ ಬಿಳಿ ಉಟ್ಟು. ಎದುರಿಗೆ ಬಂದ್ರ ಮಂದಿ ಹಾದಿ ಬದಲ್ಸತಾರ, ನಾನೂ ಖರೇ ಅನಕೊಂಡಿದ್ದೆ, ಅರಿವ್ಯಾಗ ಏನೋ ಐತಿ ಅಂತ. ಇದ ಅರಿವಿ ಉಟಗೊಂಡು ಅಲ್ಲಿ ಲಗ್ನ ಆಗ್ತಾರಂದ್ರ ಅರಿವ್ಯಾಗ ಏನೂ ಇಲ್ಲ. ನೋಡೂ ಮಂದಿ ಕಣ್ಣಾಗ ಐತಿ. ಕತ್ತಲಿ ಲಗ್ನಾನೂ ಹಂಗ. ಯಾರೋ ಮಾಡ್ಯಾರ, ನಾವು ಹಿಡಕೊಂಡೀವಿ. ನಾ ನೋಡಿದ್ದು ತಪ್ಪ, ಹಗಲಿ ಕೇಳಾಕತ್ತಿದ್ದು ತಪ್ಪಲ್ಲ."

ಶಿವಯೋಗೆಪ್ಪ ಅಮರಪ್ಪನತ್ತ ತಿರುಗಿದ. "ನೀ ಬಾಯಿ ಮುಚಗೊಂಡಿದ್ರ ನಿನ್ನ ಲಗ್ನ ಆಗತಿತ್ತು. ಯಾಕ ಹೇಳಿದಿ?"

"ಪಿಚ್ಚರ ನೋಡಿ ಇಲ್ಲದ್ದು ಐತಿ ಅಂತ ನಾ ಎಂದೂ ಬರದಿಲ್ರಿ," ಎಂದ ಅಮರಪ್ಪ ಮೆಲ್ಲಗೆ. "ಮನಿಯಾಗ ಶುರು ಮಾಡೂದು ಹೆಂಗ?"

ಶಿವಯೋಗೆಪ್ಪ ಮೀಸೆಯ ತುದಿ ಕಚ್ಚಿದ. ತಂಗಿಯ ಬಿಳಿ ಸೀರೆಯನ್ನು, ಅದನ್ನು ತಾನೇ ಸಂತೆಯಿಂದ ವರ್ಷ ವರ್ಷ ತಂದುಕೊಟ್ಟದ್ದನ್ನು ಈಗಷ್ಟೇ ಕಂಡವನ ಹಾಗೆ ನೋಡಿದ. "ಐಬು ಇದ್ದಲ್ಲೆ ಐಬು ಅನ್ನಾಂವ ಸಿಕ್ಕಾನ," ಎಂದ ಕಡೆಗೆ. "ಇಂಥಾಂವಗ ಮಗಳನ್ನ ಹಿತ್ತಲ ಬಾಗಲಿಂದ ಕೊಟ್ರ ನನಗ ಮಾನ ಇಲ್ಲ. ಹಗಲಿ ಆಗಲಿ. ಬರಾವರು ಬರ್ತಾರ."

"ಬಬಲೇಶ್ವರದಿಂದ ಒಬ್ಬಾಕಿ ಮುತ್ತೈದಿ ಬರೂದಿಲ್ಲ, ತಿಳಕೋ!" ಎಂದಳು ರುದ್ರವ್ವ.

"ನೀವು ಬಂದ್ರ ಅವರು ಬರ್ತಾರ್ರಿ ಅತ್ತಿ. ನೀವು ಬರದಿದ್ರ ಮಾತ್ರ ಬರೂದಿಲ್ಲ," ಎಂದಳು ಮುರಿಗೆವ್ವ. ಅದು ನಿಜವೂ ಹೌದು, ಹೊಗಳಿಕೆಯೂ ಹೌದು. ರುದ್ರವ್ವ ಉಬ್ಬಿದ ಬಾಯಿಗೆ ಎಲೆ ಅಡಿಕೆ ತುಂಬಿಕೊಂಡಳು.

ಮುರಿಗೆವ್ವ ಅಮರಪ್ಪನ ಕಡೆ ಬೆರಳು ತೋರಿಸಿದಳು. "ಮತ್ತ ನೀ. ಬೆಳಕು ಹಂಗ ಬಿತ್ತು ಹಿಂಗ ಬಿತ್ತು ಅಂತ ಬರದೀಯಂತ. ಅಲ್ಲೆ ಬಿಳಿ ಅಂದ್ರ ಮದುಮಗಳು ಅಂತ ಮೊದಲ ಬರಿ. ನಮ್ಮಂಥಾವರು ನೋಡಾಕ ಬರೂದಿಲ್ಲೇನ?"

"ಬರೀತೀನ್ರಿ ಅವ್ವಾರ. ಅದು ಹೊಳೀಲೇ ಇಲ್ಲ ನನಗ."

"ಹಗಲಿ ಅಂದ್ರ ಎಷ್ಟೊತ್ತಿಗೆ?" ಎಂದ ಶಿವಯೋಗೆಪ್ಪ. ನಸುಕಿನಲ್ಲೇ ಮುಗಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಒಬ್ಬರು. ಸಂಜೆ ದೀಪದ ಹೊತ್ತಿಗೆ ಎಂದು ಇನ್ನೊಬ್ಬರು. ಮಾತು ಮೆಲ್ಲಮೆಲ್ಲಗೆ ಮತ್ತೆ ಕತ್ತಲಿನ ಕಡೆಗೇ ಜಾರುತ್ತಿತ್ತು.

ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ರೇಣುಕವ್ವ ಮಾತಾಡಿದಳು. ಮಾತುಕತೆಯ ದಿನ ಹುಡುಗಿಯ ದನಿ ಪಡಸಾಲೆಗೆ ಕೇಳಿದ್ದು ಆ ಮನೆಯಲ್ಲಿ ಅದೇ ಮೊದಲು.

"ಹತ್ತ ಗಂಟೇಕ ಆಗಲಿ ಯಪ್ಪಾ. ಬಬಲೇಶ್ವರದ ಗಾಡಿ ಬಂದು ಮುಟ್ಟಬೇಕಲ್ಲ."

ಎಲ್ಲರೂ ಬಾಗಿಲತ್ತ ನೋಡಿದರು. ರುದ್ರವ್ವ ಎಲೆ ಅಗಿಯುವುದನ್ನು ನಿಲ್ಲಿಸಿದಳು. ಬಯ್ಯಲು ಬಾಯಿ ತೆರೆದವಳು ಬಾಗಿಲ ಸಂದಿಯಲ್ಲಿ ಮೊಮ್ಮಗಳ ಮುಖ ಕಂಡು, "ಹತ್ತ ಗಂಟೇಕ ಅಂದ್ರ ನಾವು ನಸುಕಿನ ಐದಕ್ಕ ಬಿಡಬೇಕ," ಎಂದಳು. "ಎತ್ತು ಮುದಿ ಆಗ್ಯಾವ ನಮ್ಮವು."

"ಐದಕ್ಕ ಬಿಟ್ರ ಮುಟ್ಟೂದಿಲ್ಲ ಬಿಡ್ರಿ," ಎಂದಳು ಮುರಿಗೆವ್ವ. "ಹಿಂದಿನ ದಿನಾನ ಬಂದು ಬಿಡ್ರಿ. ಹೋಳಿಗಿ ಮಾಡಾಕ ಕೈ ಬೇಕು."