ಒಂದೇ ಡಬ್ಬಿಯ ರೊಟ್ಟಿ ತಿಂದ ಇಬ್ಬರು ವಕೀಲರು

ಗುರುಸಿದ್ದಮ್ಮನಿಗೆ ಅಪ್ಪನಿಂದ ಬಂದ ತೆಂಗಿನ ತೋಟಕ್ಕೆ ಬಂಡಿ ಹೋಗಲು ಇದ್ದದ್ದು ಒಂದೇ ದಾರಿ. ಅದು ಹಾದುಹೋಗುವುದು ಅವಳ ದೊಡ್ಡಪ್ಪನ ಮಗ ರೇವಣಸಿದ್ದಪ್ಪನ ಹೊಲದ ಅಂಚಿನಲ್ಲಿ. ಯುಗಾದಿ ಕಳೆದ ಮೂರನೇ ದಿನ ರೇವಣಸಿದ್ದಪ್ಪ ಆ ದಾರಿಗೆ ಅಡ್ಡಲಾಗಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದುಬಿಟ್ಟ. ಕೇಳಿದರೆ, “ಇಲ್ಲಿ ದಾರಿ ಐತೆ ಅಂತ ಯಾವ ಕಾಗದದಾಗೆ ಬರ್ದೈತೆ, ತೋರ್ಸಕ್ಕ” ಅಂದ. ಕಿತ್ತ ಕಾಯಿ ತೋಟದಲ್ಲೇ ಗುಡ್ಡೆಬಿತ್ತು. ಬದುವಿನ ಮೇಲೆ ಹೆಜ್ಜೆ ಸರಿಯಾಗಿ ಊರಲೂ ಆಗದು, ಅಲ್ಲಿ ತಲೆಹೊರೆ ಹೊತ್ತು ಎಷ್ಟು ಸಾಗಿಸುವುದು? ದಾರಿ ಜಗಳ ಇಲ್ಲದ ಊರೊಂದು ನಮ್ಮ ಅರಸೀಕೆರೆ ಸೀಮೆಯಲ್ಲಿದ್ದರೆ ಹೇಳಿ, ಹೋಗಿ ಕೈಮುಗಿದು ಬರೋಣ.

ಸ್ತ್ರೀಶಕ್ತಿ ಸಂಘದ ಅರುಣಾ ಒಂದು ಮಾತು ಹೇಳಿದಳು: “ಚಿಕ್ಕಮ್ಮಾ, ಕೋರ್ಟಿನ ಆವರಣದಾಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಐತೆ. ಹೆಂಗಸ್ರು ಅರ್ಜಿ ಕೊಟ್ರೆ ಲಾಯರ್ನ ಅವ್ರೇ ಕೊಡ್ತಾರೆ. ಫೀಸು ಸರ್ಕಾರದ್ದು.”

ಇದನ್ನು ಕೇಳಿ ಗುರುಸಿದ್ದಮ್ಮನ ಗಂಡ ಜಯದೇವಪ್ಪ ಕಿಸಕ್ಕನೆ ನಕ್ಕ. “ಪುಕ್ಸಟ್ಟೆ ಬರೋ ಲಾಯರ್ರು ನಿನ್ ಪರವಾಗಿ ಬಾಯಿ ಬಿಡ್ತಾರಾ? ಆಕಳಿಸಕ್ಕೆ ಬಿಡ್ತಾರೆ ಅಷ್ಟೇ.”

ಆದರೆ ಗುರುಸಿದ್ದಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಏನು ಕಂಡರೂ ‘ಅದ್ಯಾಕೆ ಹಂಗೆ?’ ಅಂತ ಕೇಳದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. ಬಸ್ಸು ಹತ್ತಿ ಅರಸೀಕೆರೆಗೆ ಹೋದಳು, ಅರ್ಜಿ ಕೊಟ್ಟಳು. ಸಮಿತಿಯವರು ಹೇಮಾಶ್ರೀ ಎಂಬ ವಕೀಲರನ್ನು ನೇಮಿಸಿದರು. ಮೂವತ್ತೈದು ದಾಟದ ಹೆಣ್ಣುಮಗಳು, ಚುರುಕು ಕಣ್ಣು, ಗಟ್ಟಿ ದನಿ.

ವಕಾಲತ್ತಿಗೆ ರುಜು ಹಾಕಿ ಎಂದಾಗ ಗುರುಸಿದ್ದಮ್ಮ ಪೆನ್ನು ಹಿಡಿದವಳು ಹಾಗೇ ನಿಂತಳು. “ಇದಕ್ಕೆ ರುಜು ಹಾಕಿದ್ರೆ ತೋಟ ನಿಮ್ ಹೆಸ್ರಿಗೆ ಹೋಗಾಕಿಲ್ವಾ?”

“ಅಯ್ಯೋ ಅಮ್ಮಾ, ತೋಟ ತಗೊಂಡು ನಾನೇನು ಮಾಡ್ಲಿ, ನಂಗೆ ಮರ ಹತ್ತೋಕೂ ಬರಲ್ಲ! ಕೋರ್ಟಲ್ಲಿ ನಿಮ್ಮ ಪರವಾಗಿ ನಾನು ಮಾತಾಡ್ಬೋದು ಅಂತ ನೀವು ಕೊಡೋ ಒಪ್ಪಿಗೆ ಇದು, ಅಷ್ಟೇ. ಓದಿ ನೋಡಿ, ಆಮೇಲೆ ಹಾಕಿ.”

ಏಳನೇ ಕ್ಲಾಸಿನವರೆಗೆ ಓದಿದ್ದ ಗುರುಸಿದ್ದಮ್ಮ ಬೆರಳಿಟ್ಟು ಸಾಲುಸಾಲೂ ಓದಿದಳು. ಆಮೇಲೇ ರುಜು ಹಾಕಿದಳು.

“ಅಮ್ಮಾ, ನಿಮ್ಮ ತಂದೆಗೂ ದೊಡ್ಡಪ್ಪನಿಗೂ ಪಾಲಾದಾಗ ಪಾರಿಕತ್ತು ಬರೆದಿರಬೇಕಲ್ಲ? ಯಾರಿಗೆ ಏನು ಸೇರಿದ್ದು ಅಂತ ಬರೆದ ಪತ್ರ. ಮನೇಲಿದೆಯಾ?” ಎಂದು ಹೇಮಾಶ್ರೀ ಕೇಳಿದರು.

“ಇಲ್ಲ ಕಣವ್ವ.”

“ಯಾವ ವರ್ಷದ್ದು ಅಂತ ಗೊತ್ತಿದ್ರೂ ಸಾಕು, ರಿಜಿಸ್ಟ್ರಾರ್ ಆಫೀಸಿಂದ ನಕಲು ತೆಗೆಸ್ತೀನಿ.”

“ನಂಗೇನ್ ಗೊತ್ತವ್ವ, ನಾನಾಗ ಚಿಕ್ಕೋಳು.”

ಹೇಳಿದ್ದು ಹಸಿಸುಳ್ಳು. ಪಾರಿಕತ್ತು ಅವಳ ಪೆಟ್ಟಿಗೆಯಲ್ಲೇ ಇತ್ತು, ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದಳು. ಅದರಲ್ಲಿ ಬಂಡಿ ದಾರಿಯ ಮಾತು ಇದ್ದದ್ದೂ ನಿಜ. ಆದರೆ ಅದರ ಕೆಳಗಿನ ಸಾಲಿನಲ್ಲೇ ಇನ್ನೊಂದು ಮಾತಿತ್ತು: ತೋಟದ ಬಾವಿಯ ನೀರು ಅಣ್ಣತಮ್ಮಂದಿರಿಬ್ಬರಿಗೂ ಸಮಪಾಲು. ಸುತ್ತಮುತ್ತ ಬೋರ್‌ವೆಲ್‌ಗಳೆಲ್ಲ ಒಣಗಿದರೂ ಆ ಬಾವಿ ಒಣಗಿದ್ದಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ರೇವಣಸಿದ್ದಪ್ಪ ಅರಸೀಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ನೋಡಿಕೊಂಡಿದ್ದವನು, ಹೊಲದ ಕಡೆ ತಲೆ ಹಾಕಿದ್ದು ಎರಡು ವರ್ಷದಿಂದೀಚೆಗೆ. ಬಾವಿಯಲ್ಲಿ ತನಗೆ ಅರ್ಧ ಉಂಟು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಗುರುಸಿದ್ದಮ್ಮ ತಾನಾಗಿ ಹೇಳಲೂ ಇಲ್ಲ.

ಕೇಸು ನಡೆಯಿತು. ವಾದದ ದಿನ ಗಂಡಹೆಂಡತಿ ಇಬ್ಬರೂ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ರೇವಣಸಿದ್ದಪ್ಪನ ವಕೀಲರು ಲಕ್ಷ್ಮೀಶ, ನರೆತ ಮೀಸೆಯ ಹಿರಿಯರು. ಅವರೆದ್ದು, “ಅಲ್ಲಿ ದಾರಿಯೇ ಇರಲಿಲ್ಲ ಸ್ವಾಮಿ, ಪಾಪ ನನ್ನ ಕಕ್ಷಿದಾರ ಒಳ್ಳೆಯತನಕ್ಕೆ ಓಡಾಡಲು ಬಿಟ್ಟಿದ್ದ” ಅಂದರು. ಹೇಮಾಶ್ರೀ ಬಿಡುತ್ತಾರೆಯೇ! “ನಲವತ್ತು ವರ್ಷ ಬಂಡಿಯ ಗಾಲಿ ಉರುಳಿದ ಗುರುತು ಅಲ್ಲಿದೆ” ಎಂದು ದನಿ ಏರಿಸಿದರು. ಇವರು ಒಂದಂದರೆ ಅವರು ಎರಡಂದರು. ಗುರುಸಿದ್ದಮ್ಮನಿಗೆ ಮೈ ಜುಮ್ಮೆಂದಿತು. ಎಲ್ಲ ಕೇಳಿದ ನ್ಯಾಯಾಧೀಶರು, “ದಾಖಲೆ ಏನಿದೆ?” ಅಂದರು. ಹೇಮಾಶ್ರೀ ಕಾಲಾವಕಾಶ ಕೇಳಿದರು. ಮೂರು ವಾರಕ್ಕೆ ವಾಯಿದೆ ಬಿತ್ತು.

ಮಧ್ಯಾಹ್ನ ಕ್ಯಾಂಟೀನಿನ ಹತ್ತಿರ ಹೋದರೆ ಏನು ಕಂಡರು ಅಂತೀರಿ? ಹೇಮಾಶ್ರೀ, ಲಕ್ಷ್ಮೀಶ, ಇಬ್ಬರೂ ಒಂದೇ ಟೇಬಲ್ಲು! ಹೇಮಾಶ್ರೀ ತಮ್ಮ ಡಬ್ಬಿ ತೆಗೆದು ಮುಂದಿಟ್ಟಿದ್ದಾರೆ, ಲಕ್ಷ್ಮೀಶರು ಅದರೊಳಗಿನ ಅಕ್ಕಿರೊಟ್ಟಿ ಮುರಿದು ಚಟ್ನಿಗೆ ಅದ್ದಿ ತಿನ್ನುತ್ತ ಏನೋ ಹೇಳಿ ನಗಿಸುತ್ತಿದ್ದಾರೆ.

ಜಯದೇವಪ್ಪನ ಮುಖ ಕೆಂಪಗಾಯಿತು. “ನೋಡ್ದೇನೇ ನಿನ್ನ ಲಾಯರಮ್ಮನ್ನ? ಒಳಗಡೆ ಕಿತ್ತಾಡಿದ್ದೆಲ್ಲ ಬರೀ ನಾಟ್ಕ. ಇಬ್ರೂ ಸೇರ್ಕಂಡು ನಮ್ಮನ್ನ ಕುರಿ ಮಾಡ್ತಾವ್ರೆ. ಮುಂದಿನ ವಾಯಿದೆಗೆ ಹೋಗಾದೇ ಬ್ಯಾಡ!”

“ಹೋಗ್ದಿದ್ರೆ ಕೇಸು ವಜಾ ಆಯ್ತದಂತೆ ಕಣ್ರೀ. ದಾರಿ ಹೋದಂಗೇ.”

“ಹೋಗ್ಲಿ! ಬಾವಿ ಆದ್ರೂ ಉಳೀತದೆ.”

ಗುರುಸಿದ್ದಮ್ಮನಿಗೂ ಅನುಮಾನ ಬಂತು. ಪಾರಿಕತ್ತು ಕೊಡದೆ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಕೊಟ್ಟಿದ್ದರೆ ಬಾವಿಯ ಸಂಗತಿ ಈ ರೊಟ್ಟಿಯ ಜೊತೆಗೇ ಆ ಕಡೆಗೆ ದಾಟಿಬಿಡುತ್ತಿತ್ತಲ್ಲ! ಆದರೂ ಎರಡು ದಿನ ಕಸ ಗುಡಿಸುವಾಗ, ಹಾಲು ಕರೆಯುವಾಗ ಅದೇ ಪ್ರಶ್ನೆ ಕೊರೆಯುತ್ತಿತ್ತು. ಅಷ್ಟು ಜೋರಾಗಿ ಜಗಳ ಆಡಿದವರು ಅದು ಹೇಗೆ ಒಂದೇ ಡಬ್ಬಿಗೆ ಕೈ ಹಾಕಿದರು? ಮೂರನೇ ದಿನ ತಡೆಯಲಾಗಲಿಲ್ಲ. ಗಂಡನಿಗೆ, “ಕೇಳ್ಕಂಡ್ ಬತ್ತೀನಿ” ಎಂದಷ್ಟೇ ಹೇಳಿ ಬಸ್ಸು ಹತ್ತಿದಳು. ಯಾಕೋ ಏನೋ, ಆ ಪಂಚೆಯ ಗಂಟನ್ನೂ ಚೀಲಕ್ಕೆ ಹಾಕಿಕೊಂಡಿದ್ದಳು.

ಹೇಮಾಶ್ರೀಯವರ ಆಫೀಸು ಬೇಕರಿಯೊಂದರ ಮೇಲಿನ ಚಿಕ್ಕ ಕೋಣೆ. ಒಳಗೆ ಕಾಲಿಟ್ಟವಳೇ ಗುರುಸಿದ್ದಮ್ಮ ಕೇಳಿಬಿಟ್ಟಳು: “ಲಾಯರಮ್ಮಾ, ಬೇಜಾರ್ ಮಾಡ್ಕಬ್ಯಾಡಿ. ನೀವು ಒಳಗೆ ಜಗಳ ಆಡಿದ್ದು ನಾಟ್ಕವೋ, ಹೊರಗೆ ರೊಟ್ಟಿ ತಿಂದಿದ್ದು ನಾಟ್ಕವೋ?”

ಹೇಮಾಶ್ರೀ ಒಂದು ಗಳಿಗೆ ಪಿಳಿಪಿಳಿ ನೋಡಿ, ಆಮೇಲೆ ನಕ್ಕರು. “ಎರಡೂ ನಿಜ ಅಮ್ಮಾ. ಕೂತ್ಕೊಳ್ಳಿ. ನಿಮ್ಮ ಮನೇಲಿ ಮದುವೆ ಮಾತುಕತೆ ಆಗಿದೆಯಲ್ಲ? ಹೆಣ್ಣಿನ ಕಡೆ ಯಾರು ಮಾತಾಡಿದ್ರು?”

“ಹಗರೆ ಊರಾಗೆ ನಮ್ ತಂಗಿ ಮಗಳ ಮದ್ವೆಗೆ ನಾನೇ ಮಾತಾಡ್ದೆ.”

“ಗಂಡಿನ ಕಡೆಯವ್ರ ಹತ್ರ ಜೋರು ಮಾಡಿದ್ರಾ?”

“ಮಾಡ್ದೆ ಬಿಡ್ತೀನಾ? ಅವ್ರ ಸೋದರಮಾವನ ಬಾಯಿ ಮುಚ್ಚಿಸ್ಬಿಟ್ಟೆ!”

“ಆಮೇಲೆ ಅವರ ಪಕ್ಕ ಎಲೆ ಹಾಕಿಸ್ಕೊಂಡು ಊಟಕ್ಕೆ ಕೂರಲಿಲ್ವಾ?”

ಹೌದು, ಗುರುಸಿದ್ದಮ್ಮ ಕೂತಿದ್ದಳು. ಒಬ್ಬಟ್ಟನ್ನು ಒತ್ತಾಯ ಮಾಡಿ ಬಡಿಸಿದ್ದಳು ಕೂಡ.

“ಹಾಗೇ ಇದೂ. ಜಗಳ ನಮ್ಮದಲ್ಲ, ನಿಮ್ಮದು. ನಿಮ್ಮ ಮಾತನ್ನ ನ್ಯಾಯಾಧೀಶರ ಮುಂದೆ ಸರಿಯಾಗಿ ಇಡೋದು ನನ್ನ ಕೆಲಸ, ರೇವಣಸಿದ್ದಪ್ಪನವರ ಮಾತನ್ನ ಇಡೋದು ಅವರ ಕೆಲಸ. ಎರಡೂ ಕಡೆ ಗಟ್ಟಿಯಾಗಿ ಮಾತಾಡಿದ್ರೆ ತಾನೇ ನ್ಯಾಯಾಧೀಶರಿಗೆ ನಿಜ ಗೊತ್ತಾಗೋದು?”

“ಹಂಗಾರೆ ನಾನು ನಿಮ್ ತಾವ ಹೇಳಿದ್ದು ಅವ್ರ ಕಿವಿಗೆ ಬೀಳಾಕಿಲ್ವಾ?”

ಹೇಮಾಶ್ರೀ ಈಗ ನಗಲಿಲ್ಲ. “ಇಲ್ಲ. ನೀವು ವಕೀಲರ ಹತ್ರ ಹೇಳಿದ್ದನ್ನ ನಿಮ್ಮ ಒಪ್ಪಿಗೆ ಇಲ್ದೆ ಅವರು ಯಾರಿಗೂ ಹೇಳೋ ಹಾಗಿಲ್ಲ. ಕೇಸು ಮುಗಿದ ಮೇಲೂ ಹೇಳೋ ಹಾಗಿಲ್ಲ. ಅಪರಾಧ ಮಾಡೋಕೆ ನಮ್ಮ ಸಹಾಯ ಕೇಳಿದ್ರೆ ಅದು ಬೇರೆ ಮಾತು. ಮಿಕ್ಕಿದ್ದೆಲ್ಲ ಗುಟ್ಟಾಗೇ ಇಡಬೇಕು ಅಂತ ಕಾನೂನೇ ಇದೆ.”

ಕೆಳಗಿನಿಂದ ಬನ್ನು ಬೇಯುವ ವಾಸನೆ ಬರುತ್ತಿತ್ತು. ಗುರುಸಿದ್ದಮ್ಮ ಚೀಲಕ್ಕೆ ಕೈಹಾಕಿ ಗಂಟು ಬಿಚ್ಚಿದಳು. “ಸುಳ್ಳು ಹೇಳ್ಬಿಟ್ಟೆ ಕಣವ್ವ” ಎಂದಾಗ ನಾಚಿಕೆಯಿಂದ ಅವಳ ಕಣ್ಣು ತುಂಬಿತ್ತು.

ಹೇಮಾಶ್ರೀ ಪಾರಿಕತ್ತನ್ನು ಎರಡು ಸಲ ಓದಿದರು. “ಅಮ್ಮಾ, ಇದೊಂದಿದ್ರೆ ದಾರಿ ಇದ್ದದ್ದಕ್ಕೆ ಗಟ್ಟಿ ಆಧಾರ ಸಿಕ್ಕ ಹಾಗೆ.”

“ಆ ಕೆಳಗಿನ ಸಾಲು ಮಡಿಚಿ, ಮೇಲಿಂದು ಮಾತ್ರ ತೋರ್ಸಕ್ಕಾಗಾಕಿಲ್ವಾ?”

“ಆಗಲ್ಲ. ನಿಮ್ಮ ಗುಟ್ಟು ಕಾಯ್ತೀನಿ, ಆದ್ರೆ ಕೋರ್ಟಿಗೆ ಮೋಸ ಮಾಡೋಕೆ ನನ್ನ ಕೈಲಾಗಲ್ಲ. ಪತ್ರ ಹಾಜರು ಮಾಡಿದ್ರೆ ಪೂರ್ತಿ ಮಾಡ್ಬೇಕು. ದಾರಿ ಸಿಗಬಹುದು, ಬಾವಿಯಲ್ಲಿ ಅರ್ಧ ಅವರದ್ದು ಅನ್ನೋದೂ ಹೊರಗೆ ಬರುತ್ತೆ. ಏನು ಮಾಡ್ಬೇಕು ಅನ್ನೋ ತೀರ್ಮಾನ ನಿಮ್ಮದು. ಮನೇಲಿ ಮಾತಾಡಿ ಬನ್ನಿ.”

ಮನೆಯಲ್ಲಿ ಜಯದೇವಪ್ಪ ಹಾರಾಡಿದ. “ನಮ್ ಬಾವಿ ಅವನಿಗ್ಯಾಕೆ ಕೊಡಾದು?”

“ಕೊಡಾದಲ್ಲ ಕಣ್ರೀ, ಅವನದ್ದೇ ಅದು. ಇಷ್ಟು ವರ್ಷ ನಾವು ಬಳಸ್ಕಂಡ್ವಿ, ಅಷ್ಟೇ. ಬಾವಿ ಪೂರ್ತಿ ಇಟ್ಕಂಡು ದಾರಿ ಇಲ್ದಿದ್ರೆ, ಆ ನೀರಾಗೆ ಬೆಳೆದ ಕಾಯಿನ ಎಲ್ಲಿಗೆ ಹೊರ್ತೀರಿ? ನಿಮ್ ಮಂಡಿ ತಡೀತದಾ?”

ಜಯದೇವಪ್ಪ ಮಂಡಿ ನೀವಿಕೊಂಡ. ಅವತ್ತಷ್ಟೇ ಬದುವಿನಲ್ಲಿ ಜಾರಿ ಬಿದ್ದು ಬಂದಿದ್ದ. “ಆ ಲಾಯರಮ್ಮ ಅರ್ಧ ಮುಚ್ಚಿಡಕ್ಕೆ ಒಪ್ಪಲಿಲ್ಲ ಅಂದ್ಯಲ್ಲ” ಅಂದ. “ಮೋಸ ಮಾಡೋಳೇ ಆಗಿದ್ರೆ ಹೂಂ ಅಂತಿದ್ಲು. ಹಾಗಾದ್ರೆ ನಡಿ, ವಾಯಿದೆಗೆ ನಾನೂ ಬತ್ತೀನಿ.”

ಪಾರಿಕತ್ತು ಪೂರ್ತಿಯಾಗಿ ಕೋರ್ಟಿಗೆ ಹಾಜರಾಯಿತು. ಅದನ್ನು ಓದಿದ ಲಕ್ಷ್ಮೀಶರು ತಮ್ಮ ಕಕ್ಷಿದಾರನಿಗೆ ನೇರವಾಗಿ ಹೇಳಿದರು: ದಾರಿಯ ವಾದ ಇನ್ನು ನಿಲ್ಲುವುದಿಲ್ಲ, ಆದರೆ ಬಾವಿಯಲ್ಲಿ ನಿನಗೆ ಹಕ್ಕಿದೆ, ಕೂತು ಮಾತಾಡುವುದು ಒಳ್ಳೆಯದು. ಇಬ್ಬರು ವಕೀಲರೂ ಸೇರಿ ಕೇಸನ್ನು ಲೋಕ ಅದಾಲತ್ತಿಗೆ ತಂದರು. ಅಲ್ಲಿ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ, ಇಬ್ಬರೂ ಒಪ್ಪಿದರೆ ಮಾತ್ರ ರಾಜಿ ಬರೆಯುತ್ತಾರೆ. ಬರೆದರೆ ಅದು ಕೋರ್ಟಿನ ತೀರ್ಪಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ದಾರಿ ತೆರವು ಮಾಡುವುದು, ಬಾವಿಯ ನೀರು ದಿನ ಬಿಟ್ಟು ದಿನ ಒಬ್ಬೊಬ್ಬರಿಗೆ ಎಂದು ಬರೆದಾಯಿತು. ಇಬ್ಬರೂ ರುಜು ಹಾಕಿದರು.

ಮಾರನೇ ದಿನ ರೇವಣಸಿದ್ದಪ್ಪ ಹಾರೆ ಹಿಡಿದು ಹೊಲಕ್ಕೆ ಬಂದ. ಮೊದಲ ಕಂಬ ಅಲ್ಲಾಡಿಸಿ ಕಿತ್ತು, ಹಣೆ ಒರೆಸಿಕೊಂಡು ಕೇಳಿದ, “ಅಕ್ಕಾ, ಬಾವಿ ವಿಷ್ಯ ನಿಂಗೆ ಮೊದ್ಲೇ ಗೊತ್ತಿತ್ತಾ?”

ಗೊತ್ತಿರಲಿಲ್ಲ ಅನ್ನಬಹುದಿತ್ತು. ಯಾರು ಸಾಕ್ಷಿ ಕೇಳುತ್ತಿದ್ದರು? ಆದರೆ ಗುರುಸಿದ್ದಮ್ಮನಿಗೆ ಇನ್ನೊಂದು ಸುಳ್ಳು ಹೊರುವ ಶಕ್ತಿ ಇರಲಿಲ್ಲ.

“ಗೊತ್ತಿತ್ತು ಕಣೋ. ಬೇಕಂತಲೇ ಮುಚ್ಚಿಟ್ಟಿದ್ದೆ.”

ರೇವಣಸಿದ್ದಪ್ಪ ಹಾರೆಯನ್ನು ನೆಲಕ್ಕೆ ಊರಿದ. “ದಾರಿ ಇದ್ದದ್ದು ನಂಗೂ ಗೊತ್ತಿತ್ತಕ್ಕ” ಅಂದ ಮೆಲ್ಲಗೆ. “ಚಿಕ್ಕೋನಿದ್ದಾಗ ನಿಮ್ಮಪ್ಪನ ಬಂಡಿ ಮ್ಯಾಲೆ ಇದೇ ದಾರೀಲಿ ಕೂತ್ಕಂಡು ಹೋಗಿವ್ನಿ.” ಗುರುಸಿದ್ದಮ್ಮ ಸೆರಗು ಸಿಕ್ಕಿಸಿ ಎರಡನೇ ಕಂಬಕ್ಕೆ ಕೈ ಕೊಟ್ಟಳು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕೇಸು ಅಂದಕೂಡಲೇ ಹೆದರಿ ಮನೆಯಲ್ಲಿ ಕೂರಬೇಡಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರು ಸಿಗುತ್ತಾರೆ. ನಿಮ್ಮ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಅರ್ಥವಾಗದ್ದನ್ನು ನಾಚದೆ ಕೇಳಿ, ಓದದೆ ಯಾವುದಕ್ಕೂ ರುಜು ಹಾಕಬೇಡಿ, ವಾಯಿದೆ ತಪ್ಪಿಸಬೇಡಿ. ಮುಖ್ಯವಾದದ್ದು ಇನ್ನೊಂದಿದೆ. ವಕೀಲರ ಎದುರು ಕೂತಾಗ ನಿಮಗೆ ಅನುಕೂಲವಾದದ್ದನ್ನು ಹೇಳಿ ಸುಮ್ಮನಾಗಬೇಡಿ. ಯಾವುದನ್ನು ಹೇಳಲು ನಿಮ್ಮ ನಾಲಿಗೆ ಏಳುವುದಿಲ್ಲವೋ, ಅದನ್ನೇ ಮೊದಲು ಹೇಳಿ.