ತೊಳೆದಿಟ್ಟ ಬಟ್ಟಲು

ರಾಕ್ಷಸನ ಪ್ರಾಣ ಏಳು ಕಡಲಾಚೆ ಒಂದು ಗಿಳಿಯ ಗಂಟಲಲ್ಲಿತ್ತು ಅನ್ನುತ್ತಾರಲ್ಲ, ದೊರೆಯ ಪ್ರಾಣ ಅಷ್ಟು ದೂರವೇನೂ ಇರಲಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ, ಸಾಸಿನ ಬಾಟಲಿಯ ಪಕ್ಕ, ಹೆಬ್ಬೆರಳುದ್ದದ ಸೀಸೆಯೊಳಗೆ ತಣ್ಣಗೆ ಕೂತಿತ್ತು.

ದೊರೆ ಅಂದರೆ ಬೆಕ್ಕು. ಒಂದು ಕಾಲಕ್ಕೆ ಕುಂಬಳಕಾಯಿಯಂತೆ ಉರುಟಾಗಿದ್ದ ಬೂದು ಬಣ್ಣದ ಗಂಡುಬೆಕ್ಕು. ಸಕ್ಕರೆ ಕಾಯಿಲೆ ಹಿಡಿದ ಮೇಲೆ ಬೆನ್ನಮೂಳೆ ಎದ್ದು, ಹಿಂಗಾಲು ಸೋತು, ಹಿಮ್ಮಡಿ ಊರಿಕೊಂಡು ನಡೆಯುತ್ತಿತ್ತು. ರಾಜ್ಯ ಹೋದರೂ ಗತ್ತು ಬಿಡದ ಮುದಿ ರಾಜನ ಹಾಗೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದಕ್ಕೆ ಇನ್ಸುಲಿನ್. ಮೊದಲು ಊಟ, ಅದು ಬಟ್ಟಲಿಗೆ ಮೂತಿ ಇಟ್ಟಿರುವಾಗಲೇ ಕತ್ತಿನ ಹಿಂದಿನ ತೊಗಲು ಎತ್ತಿ ಸೂಜಿ. ಪ್ರಾಣಿಗಳ ಡಾಕ್ಟರು ಮೊದಲ ದಿನವೇ ಹೇಳಿದ್ದರು: "ಒಂದು ಹೊತ್ತು ತಪ್ಪಿದ್ರೆ ಬೆಕ್ಕು ಸಾಯಲ್ಲಮ್ಮ. ಒಂದೇ ಹೊತ್ತಿಗೆ ಎರಡು ಸಲ ಬಿತ್ತೋ, ಆಮೇಲೆ ನನ್ನ ಹತ್ರ ತರೋದೂ ಬೇಡ."

ಆ ಮಾತನ್ನು ಬೆಕ್ಕಿನ ಒಡತಿ ಮರೆತವಳಲ್ಲ. ಬೀದಿಯವರು ಅವಳನ್ನು ಹಲ್ಲಿನಮ್ಮ ಅನ್ನುತ್ತಿದ್ದರು. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಸುಣ್ಣದಂಥ ಪುಡಿ ಮೆತ್ತಿದ ಮೇಜಿನ ಮುಂದೆ ಕೂತು, ಹಲ್ಲಿಲ್ಲದವರ ದವಡೆಯ ಅಚ್ಚಿಗೆ ಗುಲಾಬಿ ಮೇಣ ಒತ್ತಿ, ಅದರಲ್ಲಿ ಒಂದೊಂದೇ ಹಲ್ಲು ನಿಲ್ಲಿಸುವುದು ಅವಳ ಕಸುಬು. ಒಂದು ಹಲ್ಲು ಕೂದಲೆಳೆಯಷ್ಟು ಓರೆಯಾದರೂ ದೀಪಕ್ಕೆ ಹಿಡಿದು ಮೇಣ ಕರಗಿಸಿ ಮತ್ತೆ ಕೂರಿಸುವಳು. ಊರಿಗೆಲ್ಲ ಹಲ್ಲು ಕೊಡುವ ಇವಳಿಗೆ ಮಾತ್ರ ದೇವರು ನಾಲಿಗೆಯನ್ನೇ ಹಲ್ಲಾಗಿ ಕೊಟ್ಟಿದ್ದ. ಕಚ್ಚದೆ ಮಾತಾಡಲು ಬರುತ್ತಿರಲಿಲ್ಲ.

ಅಂಥವಳಿಗೆ ಕಡಲ ದಂಡೆಯ ಯಾವುದೋ ತರಬೇತಿ ಶಾಲೆಯಿಂದ ಕರೆ ಬಂತು. ಒಂದು ವಾರ ಇದ್ದು ಹುಡುಗರಿಗೆ ಹಲ್ಲು ಕೂರಿಸೋದು ಹೇಳಿಕೊಡಬೇಕಂತೆ. ಅವಳನ್ನು ಹುಟ್ಟಿದಾಗಿನಿಂದ ಯಾರೂ ಎಲ್ಲಿಗೂ ಕರೆದದ್ದಿಲ್ಲ. ಕಡಲನ್ನಂತೂ ಕ್ಯಾಲೆಂಡರಿನಲ್ಲಿ ಬಿಟ್ಟರೆ ನೋಡಿದ್ದೇ ಇಲ್ಲ. ಮೇಣ ಕಾಯಿಸುವಾಗ ಅದು ಅಲೆಯಂತೆ ಮಡಚಿ ಬೀಳುವುದನ್ನು ನೋಡುತ್ತಾ ಕೂತಳು. ಹೋಗಲೇಬೇಕು. ಆದರೆ ದೊರೆ?

ಡಾಕ್ಟರ ಹತ್ತಿರವೇ ಬಿಡೋಣವೆಂದು ಒಂದು ದಿನ ಒಯ್ದು ನೋಡಿದಳು. ಎದುರಿನ ಗೂಡಿನಲ್ಲಿ ಕಾಲು ಮುರಿದ ನಾಯಿ ಬೊಗಳುತ್ತಿತ್ತು. ದೊರೆ ಬಟ್ಟಲಿಗೆ ಬೆನ್ನು ಹಾಕಿ ಕೂತಿತು. ತಿನ್ನದಿದ್ದರೆ ಸೂಜಿ ಇಲ್ಲ, ಸೂಜಿ ಇಲ್ಲದೆ ವಾರ ಕಳೆಯುವ ಹಾಗಿಲ್ಲ. ತಿರುಗಿ ತಂದಳು. ಮಹಡಿಯ ಸಂಗೀತದ ಮೇಷ್ಟ್ರನ್ನು ಕೇಳಿದಳು.

"ನನಗೆ ರಕ್ತ ಕಂಡ್ರೆ ಆಗಲ್ಲಮ್ಮ."

"ರಕ್ತ ಬರಲ್ಲ ಮೇಷ್ಟ್ರೇ."

"ಬರಬಹುದು ಅನ್ನಿಸಿದ್ರೂ ಆಗಲ್ಲ."

ಉಳಿದವಳು ಅಕ್ಕ. ಹಿಂದಿನ ಬೀದಿಯಲ್ಲಿ ಒಬ್ಬಳೇ ಇದ್ದು ದಿಂಬಿನ ಚೀಲ ಹೊಲಿದು ಅಂಗಡಿಗೆ ಹಾಕುವ, ದಪ್ಪ ಮೈಯ, ನಗೆಮುಖದ ಅಕ್ಕ. ಅವಳ ಸಿಂಕಿನಲ್ಲಿ ಪಾತ್ರೆಗಳ ಮೂರು ತಲೆಮಾರು ಕೂಡಿ ಬಾಳುತ್ತವೆ ಅಂತ ಹಲ್ಲಿನಮ್ಮ ಹೋದಲ್ಲೆಲ್ಲ ಹೇಳುತ್ತಿದ್ದಳು. ಅದನ್ನು ಕೇಳಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳೂ ಅಕ್ಕನೇ.

ಕಲಿಯಲು ಬಂದವಳು ಒದ್ದೆ ಟವೆಲಿನ ಮಡಿಕೆಗೆ ಸೂಜಿ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದಳು. ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು.

"ಕೈ ನಡುಗ್ತಿದೆ ಕಣೇ."

"ಕೆಲಸ ಅಂದ್ರೆ ನಿನ್ನ ಯಾವ ಅಂಗ ನಡುಗಲ್ಲ ಹೇಳು. ಜನ್ಮದಲ್ಲಿ ಒಂದು ಕೆಲಸ ನೆಟ್ಟಗೆ ಮಾಡಿದ್ದೀಯಾ?"

"ನಿನ್ನ ಎತ್ತಿ ಆಡಿಸಿದ್ದೀನಲ್ಲೇ."

"ಅದಕ್ಕೇ ನನ್ನ ಸೊಂಟ ಓರೆ."

ಅಕ್ಕ ನಕ್ಕಳು. ನಗುತ್ತಲೇ ದೊರೆಯ ತೊಗಲು ಎತ್ತಿ, ಉಸಿರು ಹಿಡಿದು, ಚುಚ್ಚಿದಳು. ದೊರೆ ಬಟ್ಟಲಿನಿಂದ ತಲೆ ಕೂಡ ಎತ್ತಲಿಲ್ಲ. ಅಕ್ಕನ ಮುಖ ಹೂ ಬಿಟ್ಟ ಬಳ್ಳಿಯ ಹಾಗಾಯಿತು. "ನೋಡಿದ್ಯಾ? ಗೊತ್ತೇ ಆಗ್ಲಿಲ್ಲ ಅದಕ್ಕೆ! ಈ ಸಲ ನಿನ್ನ ಬಾಯಿಂದ ಭೇಷ್ ಅನ್ನಿಸ್ಕೊಳ್ಳದಿದ್ರೆ ಕೇಳು."

"ಮೊದಲು ಹೊತ್ತಿಗೆ ಸರಿಯಾಗಿ ಬಾ. ಭೇಷ್ ಆಮೇಲೆ."

ಬರುವುದಿಲ್ಲ ಇವಳು ಅಂತ ಹಲ್ಲಿನಮ್ಮನಿಗೆ ಖಾತ್ರಿಯಾಗಿತ್ತು. ಎರಡು ದಿನ ಬಂದಾಳು, ಮೂರನೆಯ ದಿನ ಹೊಲಿಗೆ ಯಂತ್ರದ ಮುಂದೆ ತೂಕಡಿಸುತ್ತಾ ಮರೆತಾಳು, ಕೇಳಿದರೆ "ಹೋಗಿದ್ದೆ ಕಣೇ" ಅಂದಾಳು. ನೆಚ್ಚಿದ ಎಮ್ಮೆ ಕೋಣ ಈದ ಹಾಗೆ. ಅದಕ್ಕೇ ಆ ಸಂಜೆ, ಯಾರಿಗೂ ತಿಳಿಯದ ಹಾಗೆ ತಮ್ಮನ ಹೆಂಡತಿ ಕೆಲಸ ಮಾಡುವ ಅಂಗಡಿಗೆ ಹೋದಳು.

ಈ ನಾದಿನಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರಲ್ಲಿ ದುಡಿಯುವವಳು. ಹೇಳಿದ ಮಾತನ್ನು ಅಂಗಿಯ ಮಡಿಕೆಯಂತೆ ಗೆರೆ ತಪ್ಪದೆ ಪಾಲಿಸುವ ಹೆಣ್ಣು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ, ಸಂಜೆ ಬರುವಾಗ ಅಕ್ಕನ ಬೀದಿ ದಾಟಿ ಹಲ್ಲಿನಮ್ಮನ ಬಾಗಿಲ ಮುಂದೆಯೇ ಅವಳ ದಾರಿ. ಸೂಜಿ ಹಾಕುವುದು ಅವಳಿಗೆ ಮೊದಲೇ ಗೊತ್ತಿತ್ತು. ಹಲ್ಲಿನಮ್ಮನಿಗೆ ಜ್ವರ ಬಂದಾಗ ದೊರೆಯನ್ನು ನೋಡಿಕೊಂಡವಳು ಅವಳೇ.

"ನಿನಗೊಬ್ಬಳಿಗೇ ಹೇಳ್ತಿದ್ದೀನಿ," ಅಂದಳು ಹಲ್ಲಿನಮ್ಮ. ಅವಳು ಯಾರಿಗೆ ಏನು ಹೇಳಿದರೂ ಹೀಗೇ ಶುರುಮಾಡುವುದು. "ನಿನ್ನ ದೊಡ್ಡ ಅತ್ತಿಗೆ ಬರ್ತೀನಿ ಅಂದಿದ್ದಾಳೆ. ಅವಳು ಬಂದು ಹೋಗೋ ಹೊತ್ತು ಕಳೀಲಿ, ಆಮೇಲೆ ನೀನು ಹೋಗಿ ನೋಡು. ಅವಳು ಬಂದಿಲ್ಲ ಅಂದ್ರೆ ನೀನು ಊಟ ಹಾಕಿ ಸೂಜಿ ಕೊಡು. ಬಂದಿದ್ರೆ ಮುಟ್ಟಬೇಡ. ಎರಡು ಸಲ ಬಿದ್ರೆ ಬೆಕ್ಕು ಸತ್ತೇ ಹೋಗತ್ತೆ."

"ಬಂದಿದ್ರೋ ಇಲ್ವೋ ಅವರನ್ನೇ ಕೇಳಿದ್ರಾಯ್ತಲ್ಲ ಅತ್ತಿಗೆ?"

"ಅಯ್ಯೋ ದಡ್ಡಿ! ಕೇಳಿದ್ರೆ ನಾನು ಅವಳ ಹಿಂದೆ ಆಳು ಬಿಟ್ಟಿದ್ದೀನಿ ಅಂತ ಗೊತ್ತಾಗಲ್ವಾ? ಬಟ್ಟಲು ನೋಡು. ಅವಳು ಬಂದಿದ್ರೆ ಬಟ್ಟಲು ಕೊಳಕಾಗಿ ಬಿದ್ದಿರತ್ತೆ. ಬಟ್ಟಲು ತೊಳೆದಿಟ್ಟ ಹಾಗೇ ಇದ್ರೆ ಬಂದಿಲ್ಲ ಅಂತಲೇ ಲೆಕ್ಕ. ನಮ್ಮಕ್ಕ ತಿಂದ ತಟ್ಟೆ ತೊಳೆದದ್ದನ್ನ ಸೂರ್ಯ ಚಂದ್ರರೂ ಕಂಡಿಲ್ಲ. ಕೊಳಕಿದ್ರೆ ಮುಂದಿನ ಹೊತ್ತಿನ ಗುರುತಿಗೆ ನೀನೇ ತೊಳೆದಿಟ್ಟು ಬಾ, ಯಾರು ತೊಳೆದ್ರು ಅಂತ ಯೋಚಿಸೋ ಪೈಕಿ ಅಲ್ಲ ಅವಳು."

ನಾದಿನಿ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ತಲೆಯಾಡಿಸಿದಳು. ಕೊಳಕಿದ್ದರೆ ಬಟ್ಟಲು ತೊಳೆದಿಡುವುದು, ತೊಳೆದಿದ್ದರೆ ಸೂಜಿ ಕೊಡುವುದು. ಕಷ್ಟವೇನಿಲ್ಲ.

ಹಲ್ಲಿನಮ್ಮ ರೈಲು ಹತ್ತಿದಳು. ಕಡಲ ಊರಿನಲ್ಲಿ ಅವಳನ್ನು ಬಿಳಿ ಕೋಟು ಹಾಕಿದ ಹುಡುಗ ಹುಡುಗಿಯರು ಸುತ್ತುವರಿದು "ಮೇಡಂ, ಮೇಡಂ" ಅಂದರು. ಅವಳು ಮೇಣದ ಚಾಕುವಿನ ತುದಿಯಿಂದ ಒಂದು ಮುಂಹಲ್ಲನ್ನು ಅಷ್ಟೇ ಅಷ್ಟು ಓರೆ ಮಾಡಿ, "ನಿಜದ ಹಲ್ಲು ಸ್ವಲ್ಪ ಸುಳ್ಳು ಹೇಳ್ತಿರತ್ತೆ, ಅದನ್ನೂ ಕೂರಿಸಬೇಕು" ಅಂದರೆ ಎಲ್ಲರೂ ಬರೆದುಕೊಂಡರು. ಮಧ್ಯಾಹ್ನದ ಬಿಡುವಿನಲ್ಲಿ ಕಡಲಿನ ಮುಂದೆ ನಿಂತು, ಇದು ಕ್ಯಾಲೆಂಡರಿಗಿಂತ ಕೊಳಕಾಗಿದೆಯಲ್ಲ ಅಂದುಕೊಂಡಳು. ಆದರೂ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

ನಾದಿನಿಯ ಸುದ್ದಿ ತಪ್ಪದೆ ಬರುತ್ತಿತ್ತು. "ಬಟ್ಟಲು ಕೊಳಕಿತ್ತು ಅತ್ತಿಗೆ. ದೊರೆ ಚೆನ್ನಾಗಿದೆ." ಮರುದಿನವೂ ಕೊಳಕು. ಅದರ ಮರುದಿನ ಬೆಳಿಗ್ಗೆಯೂ ಕೊಳಕು, ಇರುವೆ ಬೇರೆ. ಅಂದರೆ ಅಕ್ಕ ಬರುತ್ತಿದ್ದಾಳೆ! ಇದನ್ನು ಕೇಳಿ ಹಲ್ಲಿನಮ್ಮನಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ತಾನು ಕಟ್ಟಿದ ಹಲ್ಲು ಬಾಯಿಗೆ ಸರಿಯಾಗಿ ಕೂರದ ಹಾಗೆ ಏನೋ ಒತ್ತಿತು. ಮಧ್ಯಾಹ್ನ ಅಕ್ಕನಿಗೆ ಫೋನು ಹಚ್ಚಿದಳು.

"ಹೊತ್ತಿಗೆ ಸರಿಯಾಗಿ ಹೋಗ್ತಿದ್ದೀನಿ ಕಣೇ," ಅಕ್ಕನ ದನಿಯಲ್ಲಿ ಚಿಕ್ಕ ಹುಡುಗಿಯ ಸಡಗರ. "ದೊರೆ ಈಗ ನನ್ನ ಹೆಜ್ಜೆ ಸದ್ದಿಗೇ ಬಾಗಿಲಿಗೆ ಬರತ್ತೆ. ನಿನಗಿಂತ ನಾನೇ ವಾಸಿ ಅನ್ನೋ ಹಾಗೆ ನೋಡತ್ತೆ."

ಇಲ್ಲೇ ಒಂದು ಒಳ್ಳೆಯ ಮಾತು ಹೇಳಬಹುದಿತ್ತು. ಬಾಯ ತುದಿಗೂ ಬಂದಿತ್ತು. ಆದರೆ ಆ ಬಾಯಿಗೆ ದಾರಿ ಗೊತ್ತಿದ್ದದ್ದು ಒಂದೇ.

"ಹೋಗ್ತೀಯ, ಸರಿ. ಬಟ್ಟಲು? ತೊಳೀತೀಯಾ? ಇರುವೆ ಮುತ್ತಿ ಹೆಣ ಬಿದ್ದ ಹಾಗಿರತ್ತೆ ನನ್ನ ಅಡುಗೆಮನೆ, ನನಗೆ ಇಲ್ಲಿಂದಲೇ ಕಾಣತ್ತೆ. ಸೂಜಿ ಚುಚ್ಚೋಕೆ ಕೋತಿಗೂ ಕಲಿಸಬಹುದು ಅಕ್ಕ. ಮನುಷ್ಯರು ತೊಳೆದಿಡ್ತಾರೆ."

ಆ ಕಡೆ ಅಕ್ಕ ನಕ್ಕಳು, ಎಂದಿನಷ್ಟು ಜೋರಾಗಿ ಅಲ್ಲ. "ಆಯ್ತು ಬಿಡೇ."

ಸಂಜೆ ನಾದಿನಿಯ ಸುದ್ದಿ ಬಂತು: "ಅತ್ತಿಗೆ, ಇವತ್ತು ಬಟ್ಟಲು ತೊಳೆದಿಟ್ಟ ಹಾಗೇ ಇತ್ತು. ದೊಡ್ಡ ಅತ್ತಿಗೆ ಬಂದಿಲ್ಲ. ನಾನೇ ಊಟ ಹಾಕಿ ಸೂಜಿ ಕೊಟ್ಟೆ. ಪಾಪ, ಹಸಿದಿತ್ತು, ಗಬಗಬ ತಿಂತು."

ಆ ಕಾಯಿಲೆಯ ಬೆಕ್ಕಿಗೆ ಹೊಟ್ಟೆ ತುಂಬಿದ್ದು ಯಾವತ್ತು? ಅದು ಹಲ್ಲಿನಮ್ಮನಿಗೆ ಗೊತ್ತಿತ್ತು. ಮಧ್ಯಾಹ್ನ ತಾನಾಡಿದ ಮಾತೂ ನೆನಪಿತ್ತು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದ್ದರೆ ಸಾಕಿತ್ತು. ಆದರೆ ಆಗ ಸುತ್ತ ಹುಡುಗಿಯರಿದ್ದರು, ಗೆದ್ದವಳ ಬಿಸಿ ಎದೆಯಲ್ಲಿತ್ತು. "ನಾನು ಹೇಳಿರ್ಲಿಲ್ವಾ!" ಅಂತ ಬರೆದು ಕಳಿಸಿ, ಅವರೊಡನೆ ಐಸ್‌ಕ್ರೀಮ್ ತಿನ್ನಲು ಹೋದಳು.

ಬೆಳಿಗ್ಗೆ ಪಾಠದ ನಡುವೆ ಅಕ್ಕನ ಫೋನು. ಮಾತಿಗಿಂತ ಮೊದಲು ಏದುಸಿರು ಕೇಳಿಸಿತು.

"ಹೋಯ್ತು ಕಣೇ. ದೊರೆ ಹೋಯ್ತು. ನಾನು ಬಂದಾಗ ಕಾಲು ಸೆಟೆದು ಅದುರ್ತಿತ್ತು. ದಿಂಬಿನ ಚೀಲದಲ್ಲಿ ಹಾಕ್ಕೊಂಡು ಓಡಿದೆ. ಡಾಕ್ಟ್ರ ಮೇಜಿನ ಮೇಲೆ... ಔಷಧ ಹೆಚ್ಚಾಗಿದೆ ಅಂದ್ರು ಅವರು. ಹೆಂಗೆ ಹೆಚ್ಚಾಗತ್ತೆ? ನಿನ್ನೆ ಸಂಜೆ ಗೆರೆ ನೋಡೇ ಎಳೆದಿದ್ದೆ. ಅದು ತಿಂತಿರುವಾಗಲೇ ಕೊಟ್ಟೆ. ನೀನು ಹೇಳಿದ್ಯಲ್ಲ ಅಂತ ಬಟ್ಟಲು ಕೂಡ ಉಜ್ಜಿ ತೊಳೆದು ಇಟ್ಟು ಬಂದೆ."

ಹಲ್ಲಿನಮ್ಮನ ಕೈಯಲ್ಲಿದ್ದ ಮೇಣ ದೀಪಕ್ಕೆ ತೀರಾ ಹತ್ತಿರವಾಗಿ, ಅದರಲ್ಲಿ ನಿಂತಿದ್ದ ಹಲ್ಲುಗಳೆಲ್ಲ ಒಂದರ ಮೇಲೊಂದು ಜಾರಿ ಬಿದ್ದವು.

ಊರಿಗೆ ಮರಳಿದ ದಿನ ಅಕ್ಕ ಇವಳ ಅಡುಗೆಮನೆಯಲ್ಲೇ ಕಾಯುತ್ತಾ ಕೂತಿದ್ದಳು. ಡಾಕ್ಟರ ಹಿತ್ತಲಲ್ಲಿ ತಾನೇ ಮಣ್ಣು ಮಾಡಿ ಬಂದದ್ದನ್ನು ಹೇಳಿದಳು, ಹೊಸ ದಿಂಬಿನ ಚೀಲದಲ್ಲೇ ಸುತ್ತಿದೆ ಅಂದಳು. ಅವಳ ಕಣ್ಣಿನ ಕೆಳಗೆ ಊದಿಕೊಂಡಿತ್ತು.

"ನಿಜ ಹೇಳು. ನಾನೇನಾ?"

ಅಜ್ಜಿಕತೆಯಲ್ಲಾದರೆ ಇಂಥ ಹೊತ್ತಿಗೆ ಗೋಡೆ ಬಾಯಿ ಬಿಡುತ್ತದೆ, ದೀಪ ಸಾಕ್ಷಿ ನುಡಿಯುತ್ತದೆ. ಇಲ್ಲಿ ಫ್ರಿಜ್ಜು ಗುರ್ ಅನ್ನುತ್ತಿತ್ತು, ಅಷ್ಟೆ. ಹಲ್ಲಿನಮ್ಮನ ನಾಲಿಗೆಯ ಮೇಲೆ ನಿಜ ಇತ್ತು. ನಿನ್ನನ್ನು ನಂಬಲಿಲ್ಲ, ನಿನ್ನ ಹಿಂದೆ ಇನ್ನೊಬ್ಬಳನ್ನು ಬಿಟ್ಟೆ, ನೀನು ಕೊಳಕಿ ಅನ್ನುವುದನ್ನೇ ಗುರುತಾಗಿ ಕೊಟ್ಟೆ, ಆಮೇಲೆ ನನ್ನ ಬಾಯಿಂದಲೇ ಆ ಗುರುತು ಅಳಿಸಿದೆ. ಹೇಳಲು ಎಷ್ಟು ಉದ್ದ ಅದು! ಸುಳ್ಳಾದರೋ ಒಂದು ಗುಟುಕು.

"ಮತ್ತಿನ್ಯಾರು?" ಅಂದಳು. "ನಾನಂತೂ ಊರಲ್ಲಿರ್ಲಿಲ್ಲ."

ಅಕ್ಕ ಅಳಲಿಲ್ಲ. ತನ್ನ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಅದನ್ನೇ ನೋಡಿದಳು, ಬೇರೆಯವರದ್ದೇನೋ ಅನ್ನುವ ಹಾಗೆ.

"ಅದಕ್ಕೆ ನೋವಾಗಿರತ್ತಾ?"

"ಆಗಿರತ್ತೆ."

ಇನ್ನು ನಾದಿನಿ. ಅಂಗಡಿಗೆ ಹೋದರೆ ಅವಳು ಕೆಲಸ ಬಿಟ್ಟು ಓಡಿ ಬಂದಳು. "ಅತ್ತಿಗೆ, ನಾನು ಕೊಟ್ಟಿದ್ದೇನಾದ್ರೂ..."

"ಛೆ, ನೀನಲ್ಲ. ಅವಳು ಎಷ್ಟು ಹೊತ್ತು ತಪ್ಪಿಸಿದ್ದಾಳೋ ಏನೋ. ಔಷಧ ಇಲ್ಲದೇ ಹೋಯ್ತು."

"ಅದಕ್ಕೆ ಮೊದಲು ಬಟ್ಟಲು ಕೊಳಕಿತ್ತಲ್ಲ?"

"ಊಟ ಸುರಿದಿರ್ತಾಳೆ, ಸೂಜಿ ಚುಚ್ಚಿರಲ್ಲ. ಅರೆಬರೆ ಕೆಲಸ ಅವಳ ಜಾಯಮಾನ."

ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ, ಆದ್ರೂ ಒಬ್ಬರೇ ಕೊರಗ್ತಿರ್ತಾರೆ ಅತ್ತಿಗೆ. ಸಂಜೆ ಹೋಗಿ ಸ್ವಲ್ಪ ಹೊತ್ತು ಅವರ ಜೊತೆ ಕೂತು ಬರ್ಲಾ?"

ಇಬ್ಬರೂ ಕೂತರೆ ಮಾತು. ಮಾತು ಬಂದರೆ ಬಟ್ಟಲು.

"ಬೇಡ. ನಿನಗೊಬ್ಬಳಿಗೇ ಹೇಳ್ತಿದ್ದೀನಿ. ನಿನ್ನ ಕಂಡ್ರೆ ಅವಳಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ."

"ಹೌದಾ?" ನಾದಿನಿಯ ಮುಖ ಸಣ್ಣಗಾಯಿತು. "ಮಗು ಹೊಟ್ಟೇಲಿ ನಿಲ್ಲದೆ ಹೋದಾಗ ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ರಲ್ಲ ಅವರು."

"ಕೂತು ಮನಸ್ಸಲ್ಲಿ ಏನಂದುಕೊಳ್ತಿದ್ಲು ಅಂತ ನನಗೆ ಗೊತ್ತು."

ಇಸ್ತ್ರಿ ಪೆಟ್ಟಿಗೆಯ ಕೆಳಗೆ ಯಾರದ್ದೋ ಅಂಗಿ ಕಮರಿದ ವಾಸನೆ ಬಂತು. ನಾದಿನಿ ಅದನ್ನು ಎತ್ತಲಿಲ್ಲ. "ಸರಿ ಅತ್ತಿಗೆ," ಅಂದಳು. "ಹೋಗಲ್ಲ."

ಅಂದಿನಿಂದ ಅವಳು ದೊಡ್ಡ ರಸ್ತೆ ಸುತ್ತಿ ಕೆಲಸಕ್ಕೆ ಹೋಗತೊಡಗಿದಳು. ಕೆಲವು ದಿನ ಕಳೆದ ಮೇಲೆ ಹಲ್ಲಿನಮ್ಮ ಅಕ್ಕನ ಮನೆಗೆ ಹೋದಾಗ, ಅಕ್ಕ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಸೂಜಿಗೆ ದಾರ ಏರಿಸಿರಲಿಲ್ಲ.

"ತಮ್ಮನ ಹೆಂಡ್ತಿ ಈಗ ಈ ಬೀದೀಲಿ ಬರೋದೇ ಬಿಟ್ಲು ಕಣೇ. ದಿನಾ ಇಲ್ಲಿಂದ ಕೈ ಬೀಸಿ ಹೋಗ್ತಿದ್ಲು." ಅಕ್ಕ ತಂಗಿಯ ಕಡೆ ತಿರುಗಿದಳು. "ನನ್ನ ಕೈಯಿಂದ ಬೆಕ್ಕು ಸತ್ತಿದ್ದು ಅವಳಿಗೂ ಗೊತ್ತಾಯ್ತೇನೋ. ನೀನು ಹೇಳಿದ್ಯಾ?"

"ಇಂಥವು ಯಾರಾದ್ರೂ ಹೇಳ್ಬೇಕಾ ಅಕ್ಕ," ಅಂದಳು ಹಲ್ಲಿನಮ್ಮ, ಕುರ್ಚಿಯ ಮೇಲಿನ ಬಟ್ಟೆಯ ರಾಶಿ ಪಕ್ಕಕ್ಕೆ ಸರಿಸಿ ಕೂರುತ್ತಾ. "ತಾನೇ ಗೊತ್ತಾಗತ್ತೆ."