ಕಿಟಕಿ ಕಡೆಯ ಕೆನ್ನೆ

ದುಡಿದು ದಣಿದು ಬಂದವನಿಗೆ ಮುಖ ತೊಳೆಯುವುದೂ ಒಂದು ಕೆಲಸವೇ. ಸಿಟಿ ಬಸ್ಸಿನ ಡ್ರೈವರಣ್ಣ ಮಧ್ಯಾಹ್ನ ಪಾಳಿ ಮುಗಿಸಿ ಮನೆಗೆ ಬಂದರೆ ಮೊದಲು ಹತ್ತು ನಿಮಿಷ ಬಚ್ಚಲ ಹೊಸ್ತಿಲ ಮೇಲೆ ಸುಮ್ಮನೆ ಕೂರುತ್ತಿದ್ದ. ಆಮೇಲೆ ಮುಖ ಒರೆಸಿದರೆ ಬಟ್ಟೆಗೆ ಮಸಿ ಹತ್ತುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಅದೇ ದಾರಿ, ಅದೇ ಹೊಗೆ, ಕಿಟಕಿಯಿಂದ ಬೀಳುವ ಅದೇ ಬಿಸಿಲು.

ಆ ಕಿಟಕಿ ಕಡೆಯ ಕೆನ್ನೆಯಲ್ಲಿ, ಕಣ್ಣಿನ ಕೆಳಗೇ, ಒಂದು ಹುಣ್ಣು ಎದ್ದು ಮೂರು ತಿಂಗಳಾಗಿತ್ತು. ಕಡಲೆಕಾಳಿನಷ್ಟು ದೊಡ್ಡದು. ಹಕ್ಕಳೆ ಕಟ್ಟುವುದು, ಉದುರುವುದು, ಮತ್ತೆ ರಕ್ತ ಜಿನುಗುವುದು. ಹೆಂಡತಿ ಎಲ್ಲೋ ಕೇಳಿಸಿಕೊಂಡು ಬಂದಳು, ನಿಂಬೆಹಣ್ಣು ಚರ್ಮಕ್ಕೆ ಒಳ್ಳೆಯದಂತೆ. ಬೆಳಗ್ಗೆ ಎದ್ದು ನಿಂಬೆ ಹೋಳು ಕೆನ್ನೆಗೆ ಉಜ್ಜಿ ಪಾಳಿಗೆ ಕಳಿಸಿದಳು. ಮೂರನೆಯ ದಿನಕ್ಕೆ ಹುಣ್ಣಿನ ಸುತ್ತ ಬೊಬ್ಬೆ ಎದ್ದು ಕೆನ್ನೆ ಕಪ್ಪಿಟ್ಟಿತು.

“ಉರಿ ಬಂದ್ರೆ ಔಷಧಿ ಹಿಡೀತಿದೆ ಅಂತ ರೀ.”

“ಹಿಡೀತಿರೋದು ನನ್ನ ಪ್ರಾಣ ಕಣೇ” ಎಂದು ಅವನು ಕೆನ್ನೆ ಒಡ್ಡಿದ. ವಾದ ಮಾಡುವಷ್ಟು ತ್ರಾಣ ಇರಲಿಲ್ಲ.

ಆ ಬಸ್ಸಿನ ಕೊನೆಯ ನಿಲ್ದಾಣದ ಎದುರಿಗೆ ಆಸ್ಪತ್ರೆ. ಅಲ್ಲಿನ ನರ್ಸಮ್ಮ ದಿನಾ ಅವನ ಹಿಂದಿನ ಸೀಟಿನಲ್ಲೇ ಕೂತು ಬರುವವಳು. ಆವತ್ತು ಎಲ್ಲರೂ ಇಳಿದರೂ ಅವಳು ಇಳಿಯಲಿಲ್ಲ.

“ಅಣ್ಣಾ, ಆ ಹುಣ್ಣು ಡಾಕ್ಟರಿಗೆ ತೋರಿಸಿ.”

“ವಯಸ್ಸಾಯ್ತಲ್ಲಮ್ಮ. ವಯಸ್ಸಾದ ಮುಖ ಹೀಗೇ.”

“ಹಾಗಾ? ಮೇಲಿನ ಕನ್ನಡಿ ನೋಡಿ. ಕಿಟಕಿ ಕಡೆಯ ಕೆನ್ನೆ ಕೈಯಲ್ಲಿ ಮುಚ್ಚಿ. ಹೂಂ, ಈಗ ಅದನ್ನ ಬಿಟ್ಟು ಈ ಕಡೇದು ಮುಚ್ಚಿ.”

ಬಸ್ಸಿನ ಒಳಗಡೆಗಿದ್ದ ಕೆನ್ನೆ ಇನ್ನೂ ನಯವಾಗಿತ್ತು. ಕಿಟಕಿ ಕಡೆಯದು ಸುಕ್ಕುಗಟ್ಟಿ, ಕಲೆಯಾಗಿ, ಜೋತುಬಿದ್ದಿತ್ತು. ದಿನಾ ಗಡ್ಡ ಹೆರೆದುಕೊಳ್ಳುವ ಮುಖವೇ. ಹೀಗೆ ನೋಡಿರಲಿಲ್ಲ.

“ಈ ಕಡೆ ಅಳಿಯ, ಆ ಕಡೆ ಮಾವ” ಎಂದಳು ನರ್ಸಮ್ಮ. “ಎರಡೂ ಒಂದೇ ದಿನ ಹುಟ್ಟಿದ ಕೆನ್ನೆ. ಅದೇ ಊಟ, ಅದೇ ಸೋಪು. ಬರೀ ವಯಸ್ಸಾಗಿದ್ರೆ ಎರಡಕ್ಕೂ ಆಗ್ಬೇಕಿತ್ತಲ್ಲ?”

ಅವನು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ಹೇಳಿದ, “ಕುಯ್ಯಬೇಕು ಅಂದ್ರೆ ನನ್ನನ್ನ ಬಸ್ಸಿಂದ ಇಳಿಸಿ ಡಿಪೋ ಗೇಟಲ್ಲಿ ಕಾವಲಿಗೆ ಕೂರಿಸ್ತಾರೆ. ಅದಕ್ಕೇ ಬರಲ್ಲ ನಾನು.”

“ಬೇಗ ತೋರಿಸಿದ್ರೆ ನಾಲ್ಕು ಹೊಲಿಗೇಲಿ ಮುಗಿದ್ರೂ ಮುಗೀತು. ಕಣ್ಣಿಗೇ ಹಬ್ಬಿದ್ರೆ ಬಸ್ಸು ಹೇಗೆ ಓಡಿಸ್ತೀರಿ?”

ಆವತ್ತೇ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಹೊರಗಿನ ಬೆಂಚಿನಲ್ಲಿ ಹೆಂಡತಿ ನರ್ಸಮ್ಮನನ್ನು ಮೆಲ್ಲಗೆ ಕೇಳಿದಳು, “ನಿಂಬೇಲಿ ಏನೋ ಸತ್ವ ಇದೆ ಅಂತಾರಲ್ಲ ಸಿಸ್ಟರ್?”

“ಇದೆ. ಅದು ಬಾಯಿಗೆ, ಕೆನ್ನೆಗಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದ್ರೆ ಚರ್ಮ ಸುಡುತ್ತೆ. ನೋಡಮ್ಮ, ಬಿಸಿಲು, ಹೊಗೆ ಎರಡೂ ಚರ್ಮದೊಳಗೆ ಪುಂಡ ಕಣಗಳನ್ನ ಎಬ್ಬಿಸ್ತವೆ. ಅವು ಒಳಗಿನ ನೇಯ್ಗೇನೇ ಹರೀತವೆ. ಅವನ್ನ ಹಿಡಿದು ಕೂರಿಸೋ ಕಾವಲಿನವರು ಮೈಯಲ್ಲೇ ಇದ್ದಾರೆ, ಆಂಟಿಆಕ್ಸಿಡೆಂಟ್ ಅಂತ. ಇಡೀ ದಿನ ರಸ್ತೇಲಿ ಇರೋರಿಗೆ ಆ ಕಾವಲು ಬೇಗ ಸವೆಯುತ್ತೆ. ಸೀಬೆ, ಕಿತ್ತಳೆ, ಟೊಮೆಟೊ, ಕ್ಯಾರೆಟ್ಟು, ಸೊಪ್ಪು ತಿಂದ್ರೆ ಮತ್ತೆ ತುಂಬುತ್ತೆ.”

“ಹಾಗಾದ್ರೆ ಹಣ್ಣು ತಿಂದ್ರೇ ಹುಣ್ಣು ವಾಸಿಯಾಗುತ್ತಾ?”

“ಇಲ್ಲಮ್ಮ. ಹಣ್ಣು ಕಾವಲಿಗೆ ಅಷ್ಟೆ. ಹುಣ್ಣಿಗೆ ಡಾಕ್ಟರೇ ಬೇಕು, ಬಿಸಿಲಿಗೆ ಮರೆಯೇ ಬೇಕು. ತುಂಬು ತೋಳಿನ ಅಂಗಿ ಹಾಕ್ಲಿ. ಗಾಜು ಏರಿಸಿದ್ರೂ ಬಿಸಿಲಿನ ಒಂದು ಪಾಲು ಒಳಗೆ ಬರುತ್ತೆ, ಅದಕ್ಕೆ ಬಿಸಿಲು ತಡೆಯೋ ಕ್ರೀಮು ಹಚ್ಚಲಿ.”

“ಕ್ರೀಮು ಹಚ್ಚೋಕೆ ನಾನೇನು ಮದುಮಗನಾ?” ಎಂದ ಡ್ರೈವರಣ್ಣ.

“ಅರ್ಧ ಮುಖಕ್ಕೆ ಇನ್ನೂ ಆ ಯೋಗ ಇದೆ ಬಿಡಿ” ಎಂದಳು ಹೆಂಡತಿ. ನಗಲು ಹೋಗಿ ಕಣ್ಣೊರೆಸಿಕೊಂಡಳು.

ವಾರ ಕಳೆದು ವರದಿ ಬಂತು. ಅದು ಚರ್ಮದ ಕ್ಯಾನ್ಸರ್. ಆದರೆ ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಕುಯ್ದು ತೆಗೆದರು, ಹೊಲಿಗೆ ಐದು ಬಿತ್ತು. ಅವನು ಹೆದರಿದಂತೆಯೇ ಗೇಟಿನಲ್ಲಿ ಕೂರಿಸಿದರು, ಮೂರು ವಾರ. ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತವನು ಎಷ್ಟೋ ವರ್ಷದ ನಿದ್ದೆಯನ್ನು ಅಲ್ಲೇ ತೂಕಡಿಸಿ ತೀರಿಸಿದ. ನಾಲ್ಕನೆಯ ವಾರ ತುಂಬು ತೋಳಿನ ಅಂಗಿ ತೊಟ್ಟು ಬಸ್ಸು ಹತ್ತಿದ. ದಣಿವೇನೂ ಹೋಗಲಿಲ್ಲ, ಕೆಲಸ ಅದೇ ತಾನೇ. ಕಣ್ಣು ಉಳಿಯಿತು.

ರಸ್ತೆಯಲ್ಲಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಬಿಸಿಲನ್ನು ಬಿಡಿ ಎಂದರೆ ನಿಮ್ಮ ಹೊಟ್ಟೆಪಾಡು ನಡೆಯುವುದಿಲ್ಲ, ಗೊತ್ತು. ಮೈ ಮುಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಹೊಗೆಯ ಮಸಿ ತೊಳೆಯಿರಿ. ಊಟದ ಜೊತೆ ಒಂದು ಹಣ್ಣು, ಒಂದು ಹಿಡಿ ಸೊಪ್ಪು ಇರಲಿ. ತಿಂಗಳಾದರೂ ಮಾಯದ ಹುಣ್ಣು, ಬೆಳೆಯುತ್ತಿರುವ ಮಚ್ಚೆ ಕಂಡರೆ ಮನೆಮದ್ದು ಹಚ್ಚಿಕೊಂಡು ಕೂರಬೇಡಿ. ಸುಸ್ತಾಗಿದೆ, ನಾಳೆ ನೋಡೋಣ ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸುತ್ತದೆ. ಆ ಸುಸ್ತಿನಲ್ಲೇ ಎದ್ದು ಹೋಗಿ ಡಾಕ್ಟರಿಗೆ ತೋರಿಸಿ ಬನ್ನಿ.